ಸಂಚಾಲಕರೇ, ಯಾವ ಗೇಟು?

ಮರ ನೋಡುವವರ ಬಳಗವೊಂದಕ್ಕೆ ಈಚೆಗೆ ನಾನು ಬೆಂಗಳೂರು ದಕ್ಷಿಣದ ಸಂಚಾಲಕ. ಸಂಬಳವಿಲ್ಲ, ಸೀಲಿಲ್ಲ, ಯಾರನ್ನೂ ಗದರುವ ಅಧಿಕಾರವಂತೂ ಇಲ್ಲವೇ ಇಲ್ಲ. ಹಿಂದಿನ ಸಂಚಾಲಕರು ಮಗಳ ಬಾಣಂತನಕ್ಕೆ ಹೊರದೇಶಕ್ಕೆ ಹೊರಡುವ ಮುಂಚೆ ಒಂದು ಎಕ್ಸೆಲ್ ಪಟ್ಟಿ, ಅರ್ಧ ಮುಗಿದ ರಸೀದಿ ಪುಸ್ತಕ ಕೈಗಿಟ್ಟು, "ಏನೂ ಕೆಲಸ ಇರಲ್ಲ ಸಾರ್, ತಿಂಗಳಿಗೊಂದು ನಡಿಗೆ ಅಷ್ಟೆ" ಎಂದರು.

ಕರ್ನಾಟಕದಲ್ಲಿ ಸಂಘವೊಂದನ್ನು ನೋಂದಾಯಿಸಲು ಏಳು ಜನ ಸಾಕು ಎನ್ನುತ್ತದೆ 1960ರ ಕಾಯ್ದೆ. ಏಳು ಜನ ಏನು ಮಹಾ ಅನ್ನಿಸಬಹುದು. ಜನವರಿಯ ಚಳಿಯಲ್ಲಿ, ಭಾನುವಾರ ಬೆಳಿಗ್ಗೆ ಆರೂವರೆಗೆ, ಅಷ್ಟು ಜನರನ್ನು ಒಂದೇ ಕಡೆ ನಿಲ್ಲಿಸಿ ನೋಡಿ. ವಾಟ್ಸಾಪ್ ಗುಂಪಿನಲ್ಲಾದರೆ 1024 ಜನ ಹಿಡಿಸುತ್ತಾರೆ, ಅಷ್ಟೂ ಜನ ಹೆಬ್ಬೆರಳೂ ಎತ್ತಬಲ್ಲರು. ಎತ್ತಿದ ಹೆಬ್ಬೆರಳಿಗೂ ಹಾಸಿಗೆಯಿಂದ ಎದ್ದ ಮನುಷ್ಯನಿಗೂ ಸಂಬಂಧವಿಲ್ಲ.

ಜಾಗ ಹೇಳುವುದೇ ಒಂದು ವಿದ್ಯೆ. ಲಾಲ್‌ಬಾಗ್ ಎಂದರೆ 240 ಎಕರೆ, ನಾಲ್ಕು ಗೇಟು. "ಪಶ್ಚಿಮದ ಗೇಟು, ಮೆಟ್ರೋ ಸ್ಟೇಷನ್ ಕಡೆಯದು, ಒಳಗಲ್ಲ, ಹೊರಗೆ" ಎಂದು ಬರೆದರೂ ಆರು ಇಪ್ಪತ್ತೈದಕ್ಕೆ ಫೋನು ಬಂದೇ ಬರುತ್ತದೆ: "ಸಂಚಾಲಕರೇ, ಯಾವ ಗೇಟು?" ವೈಟ್‌ಫೀಲ್ಡಿನವರು ಅಷ್ಟು ಹೊತ್ತಿಗೆ ಬಂದು ನಿಂತಿರುತ್ತಾರೆ. ಕೇಳುವವರು ಜಯನಗರದವರು, ನಡೆದು ಬರುವವರು.

ದಿನಾಂಕದ್ದು ಬೇರೆ ಕಥೆ. ಸಮಿತಿ ಒಪ್ಪಿ, ನೋಟಿಸು ಹೊರಟು, ಎಲ್ಲರ ಮದುವೆ ಮುಂಜಿ ತಪ್ಪಿಸಿ ಒಂದು ಭಾನುವಾರ ಹಿಡಿಯುವಷ್ಟರಲ್ಲಿ ಗುಲಾಬಿ ಟಬೂಬಿಯಾ ಉದುರಿ ಹೋಗಿರುತ್ತದೆ. ಪುಣ್ಯಕ್ಕೆ ಹಿಂದೆಯೇ ಜಕರಾಂಡಾ ಇದೆ, ಅದಾದ ಮೇಲೆ ಗುಲ್‌ಮೊಹರ್. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಊರಿನಲ್ಲಿ ಮರ ನೆಡಿಸಿದವರು ಲಾಲ್‌ಬಾಗ್ ನೋಡಿಕೊಂಡಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್. ಸಂಚಾಲಕರ ಪಾಡು ಅವರಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ.

ನಿಜವಾದ ಕೆಲಸ ಇರುವುದು ಪಟ್ಟಿಯಲ್ಲಿ. ಮೆಸೇಜು ಹಾಕಿದರೆ ಆಗುವುದಿಲ್ಲ, ಒಬ್ಬೊಬ್ಬರಿಗೂ ಫೋನು ಮಾಡಬೇಕು. ಒಬ್ಬರು ಮೈಸೂರು ಸೇರಿ ಆರಾಮವಾಗಿದ್ದಾರೆ. ಇನ್ನೊಬ್ಬರು ಸದಸ್ಯರಾದದ್ದು ಸ್ನೇಹಿತರ ದಾಕ್ಷಿಣ್ಯಕ್ಕೆ; ಮರವೆಂದರೆ ಅವರಿಗೆ ಕಾರಿನ ಮೇಲೆ ಬೀಳುವ ಕಸ. ಮತ್ತೊಬ್ಬರು ಮನೆ ಮುಂದಿನ ಹೊಂಗೆ ಕಡಿಸಿದ ಸಂಕಟವನ್ನು ಮುಕ್ಕಾಲು ಗಂಟೆ ಹೇಳಿಕೊಂಡು, ನಡಿಗೆಗೆ ಬರುತ್ತೀರಾ ಎಂದು ಕೇಳುವುದರೊಳಗೆ ಫೋನಿಟ್ಟರು. ಚಂದಾ ಬಾಕಿ ಕೇಳಲು ನಾಲಿಗೆ ಏಳಲಿಲ್ಲ.

ಬಸವನಗುಡಿಯ ಒಂದು ಮನೆಯಲ್ಲಿ ಫೋನೆತ್ತಿದವರು ವಯಸ್ಸಾದ ಹೆಂಗಸು.

"ಅವರು ತೀರಿಹೋಗಿ ವರ್ಷದ ಮೇಲಾಯ್ತಪ್ಪಾ."

ಏನು ಹೇಳಬೇಕೋ ತಿಳಿಯದೆ ತಡವರಿಸುತ್ತಿದ್ದೆ. ಅವರೇ ಕೇಳಿದರು: "ಚಂದಾ ಏನಾದರೂ ಬಾಕಿ ಇತ್ತಾ?"

"ಇಲ್ಲಮ್ಮಾ, ಆಜೀವ ಸದಸ್ಯರು. ಪೂರ್ತಿ ಕಟ್ಟಿದ್ದಾರೆ."

"ಅದು ನನ್ನ ಬಳೆಗೆ ಅಂತ ಎತ್ತಿಟ್ಟಿದ್ದ ದುಡ್ಡು. ನಾನು ಬರ್ತೀನಿ. ಎಷ್ಟು ಹೊತ್ತಿಗೆ?"

ಇದಕ್ಕೆ ಬೈಲಾದಲ್ಲಿ ಉತ್ತರವಿಲ್ಲ. ಸಮಿತಿಗೆ ಬರೆದಿದ್ದೇನೆ; ಮುಂದಿನ ಸಭೆಯಲ್ಲಿ ಪರಿಶೀಲಿಸುತ್ತಾರಂತೆ. ಅಷ್ಟರೊಳಗೆ ಆಕೆ ಪಕ್ಕದ ಮನೆಯವರನ್ನೂ ಕರೆತಂದು, ನಡಿಗೆ ಮುಗಿದ ಮೇಲೆ ಇಡ್ಲಿಗೆ ಎಲ್ಲಿಗೆ ಹೋಗಬೇಕೆಂದು ತಾವೇ ತೀರ್ಮಾನಿಸಲು ಶುರುಮಾಡಿದ್ದಾರೆ.