ಕಾಗೆ ಹೊಡೆಯೋಕೆ ಅನುಮತಿ ಬೇಡ ಅನ್ನೋ ಮೆಸೇಜ್ ಸರಿಯಲ್ಲ

ಪುಣೆ ಸುತ್ತಮುತ್ತ ಆಡು, ಕೋಳಿ ಸಾಕುವ ನಮ್ಮ ಕನ್ನಡದವರ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಪ್ಲಾಸ್ಟಿಕ್ ಕಾಗೆ ಬೊಂಬೆ ಇಟ್ಟು, ಅದನ್ನು ನೋಡಿ ಇಳಿದ ಕಾಗೆಗಳನ್ನು ಏರ್‌ಗನ್‌ನಿಂದ ಹೊಡೆಯಿರಿ, ಕಾಗೆ 'ಉಪದ್ರವಿ' ಪಟ್ಟಿಯಲ್ಲಿದೆ, ಯಾರ ಅನುಮತಿಯೂ ಬೇಡ ಅಂತ.

ಇದು ಹಳೇ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಶೆಡ್ಯೂಲ್‌ನಲ್ಲಿ, ಅಂದರೆ ಉಪದ್ರವಿಗಳ ಪಟ್ಟಿಯಲ್ಲಿ, ಕಾಗೆ ಇದ್ದದ್ದು ನಿಜ, ಆದರೆ 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದ್ದಾರೆ, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ಯಾವುದೇ ಪ್ರಾಣಿಯನ್ನು ಉಪದ್ರವಿ ಅನ್ನಬೇಕಾದರೆ 62ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು, ಅದೂ ಇಂತಿಷ್ಟು ಜಾಗಕ್ಕೆ, ಇಂತಿಷ್ಟು ಕಾಲಕ್ಕೆ ಮಾತ್ರ. ಬೊಂಬೆ ಇಟ್ಟು ಹೊಡೆಯೋದು ಬ್ರಿಟನ್ನಿನ ಕುರಿ ಸಾಕಣೆಯವರ ಪದ್ಧತಿ. ಅಲ್ಲಿನ ಕಾಗೆ ಜಾತಿ ಬೇರೆ, ಲೈಸೆನ್ಸ್ ನಿಯಮವೂ ಬೇರೆ.

ಕಾಗೆಗಳ ಕಾಟ ಇರೋದೇನೋ ನಿಜ, ಮರಿಗಳ ಗಾಯ ಕುಕ್ಕಿಬಿಡುತ್ತವೆ. ಹಾಗಾಗಿ ಗಾಯಕ್ಕೆ ಬೇಗ ಮದ್ದು ಹಾಕಿ, ಆಡು ಈದ ಮೇಲೆ ಬೀಳುವ ಮಾಸು ಮತ್ತು ಸತ್ತ ಮರಿಗಳನ್ನು ತಕ್ಷಣ ಹೂಳಿ, ಮೇವಿನ ತೊಟ್ಟಿ ಮುಚ್ಚಿಡಿ, ಮರಿಗಳ ಜಾಗಕ್ಕೆ ಬಲೆ ಕಟ್ಟಿ. ಊಟ ಸಿಗದಿದ್ದರೆ ಅವಕ್ಕೆ ಅಲ್ಲೇನು ಕೆಲಸ, ಅಲ್ವಾ? ಆಗಲೂ ತಡೆಯೋಕೆ ಆಗದಿದ್ದರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ ಕೇಳಿ.

ದಯವಿಟ್ಟು ಆ ಮೆಸೇಜನ್ನು ಇನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿಬಿಡಿ.