ಒಂದು ಹೆಸರಿಗೆ 1,60,000 ಡಾಲರ್

ಮಾರ್ಚ್ ಕೊನೆಯ ವಾರ. ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಗಳಲ್ಲಿ ಈಗ ಸರಿಯಾಗಿ ನಿದ್ದೆ ಇರುವುದಿಲ್ಲ. ಕಾಲೇಜುಗಳಿಂದ ಉತ್ತರ ಬಂದಿರುತ್ತದೆ. ಮೇ 1ರೊಳಗೆ ಒಂದಕ್ಕೆ ಹೂಂ ಅನ್ನಬೇಕು. ಕಳೆದ ವಾರ ಇಬ್ಬರು ಫೋನ್ ಮಾಡಿ, "ನೀವು ಹೇಗೆ ತೀರ್ಮಾನ ಮಾಡಿದ್ರಿ ಅಕ್ಕಾ?" ಅಂತ ಕೇಳಿದರು. ಅವರಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾವಿರುವುದು ಮಿಶಿಗನ್‌ನಲ್ಲಿ. ಇಲ್ಲಿನ ನಮ್ಮ ಮಂದಿಗೆ ಮಿಶಿಗನ್ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ನಲ್ಲಿ ಸೀಟು ಸಿಕ್ಕರೆ ಮುಗಿಯಿತು, ಬೇರೆ ಮಾತೇ ಇಲ್ಲ. ಹೆಸರು ದೊಡ್ಡದು, ರಾಜ್ಯದವರಿಗೆ ಫೀಸೂ ಕಡಿಮೆ. ಆದರೆ ನನ್ನ ಮಗಳು ಮುನ್ನೂರು ಜನರ ಕ್ಲಾಸಿನಲ್ಲಿ ಬಾಯಿ ಬಿಡುವವಳಲ್ಲ. ಹತ್ತು ಹದಿನೈದು ಜನ ಮೇಜಿನ ಸುತ್ತ ಕೂತರೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾಳೆ. ಅದಕ್ಕೇ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಗಾಬರಿಯಾದರು. "ಅಷ್ಟು ದೂರ ಹೋಗಿ ಆರ್ಟ್ಸಾ?" ಅಂದರು. ಹೆಸರು ಹಾಗಿದೆ ಅಷ್ಟೇ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಎಕನಾಮಿಕ್ಸ್, ಸಂಗೀತ ಎಲ್ಲವೂ ಅಲ್ಲಿರುತ್ತದೆ. ಇಡೀ ಕಾಲೇಜಿಗೆ ಸಾಮಾನ್ಯವಾಗಿ ಎರಡು ಸಾವಿರದ ಆಸುಪಾಸು ಮಕ್ಕಳು, ಹೆಚ್ಚುಕಮ್ಮಿ ಎಲ್ಲರೂ ಡಿಗ್ರಿಯವರೇ. ಪಾಠ ಮಾಡುವುದು ಪ್ರೊಫೆಸರ್‌ಗಳೇ. ಪಿಎಚ್‌ಡಿ ವಿದ್ಯಾರ್ಥಿಗಳ ಕೈಗೆ ಕ್ಲಾಸು ಕೊಟ್ಟು ಅವರು ಲ್ಯಾಬಿಗೆ ಹೋಗಿಬಿಡುವ ಪದ್ಧತಿ ಅಲ್ಲಿಲ್ಲ.

ಈ ಕಾಲೇಜುಗಳಲ್ಲೂ ಮೇಲು ಕೆಳಗು ಇದೆ. ವಿಲಿಯಮ್ಸ್, ಆಮರ್ಸ್ಟ್, ಸ್ವಾರ್ತ್‌ಮೋರ್, ಪೊಮೋನಾ ಇವೆಲ್ಲ ತುದಿಯಲ್ಲಿರುವವು. ಆ ಮಟ್ಟದ್ದೇ ಒಂದು ಕಾಲೇಜು ನನ್ನ ಮಗಳಿಗೆ ಸಿಕ್ಕಿತು. ಹೆಸರು ಹೇಳುವುದಿಲ್ಲ. ಅವತ್ತು ಸಂಜೆ ಮನೆಯಲ್ಲಿ ಪಾಯಸ ಮಾಡಿದ್ದೆ. ಜೊತೆಗೆ ಒಹಾಯೋದ ಕಾಲೇಜ್ ಆಫ್ ವೂಸ್ಟರ್ ಕೂಡ ಸಿಕ್ಕಿತ್ತು. ಅದಕ್ಕೆ ಯಾರೂ ಪಾಯಸ ಮಾಡಲಿಲ್ಲ.

ಆಮೇಲೆ ಹಣದ ಪತ್ರಗಳು ಬಂದವು. ಅದು 2024, ಸರ್ಕಾರದ ನೆರವು ಕೇಳಲು ತುಂಬುವ ಫಾಫ್ಸಾ ಅರ್ಜಿಯ ಹೊಸ ರೂಪ ಮೂರು ತಿಂಗಳು ತಡವಾಗಿ ಬಂದ ವರ್ಷ. ಹೆಸರಿನ ಕಾಲೇಜಿನ ಪೂರ್ತಿ ಖರ್ಚು ವರ್ಷಕ್ಕೆ 90 ಸಾವಿರ ಡಾಲರ್‌ಗೆ ಹತ್ತಿರ. ಅವರು ಕಳೆದದ್ದು ಕಳೆದ ಮೇಲೆ ನಾವು ಕಟ್ಟಬೇಕಾದದ್ದು 78 ಸಾವಿರ. ವೂಸ್ಟರ್ ಅವಳ ಅಂಕ ನೋಡಿ ಸ್ಕಾಲರ್‌ಶಿಪ್ ಕೊಟ್ಟಿತ್ತು. ಅಲ್ಲಿ ನಮ್ಮ ಪಾಲು 38 ಸಾವಿರ. ವ್ಯತ್ಯಾಸ ವರ್ಷಕ್ಕೆ 40 ಸಾವಿರ, ನಾಲ್ಕು ವರ್ಷಕ್ಕೆ 1,60,000 ಡಾಲರ್. ರೂಪಾಯಿ ಲೆಕ್ಕದಲ್ಲಿ 1 ಕೋಟಿ 30 ಲಕ್ಷಕ್ಕೂ ಜಾಸ್ತಿ.

ಯಾಕೆ ಇಷ್ಟು ವ್ಯತ್ಯಾಸ? ತುದಿಯಲ್ಲಿರುವ ಕಾಲೇಜುಗಳು ಅಂಕಕ್ಕೆ ಹಣ ಕೊಡುವುದು ತೀರಾ ಅಪರೂಪ. ಅಲ್ಲಿಗೆ ಬರುವವರೆಲ್ಲ ಒಳ್ಳೆ ಅಂಕದವರೇ. ಮನೆಯ ಆದಾಯ ನೋಡಿ ಮಾತ್ರ ಕೊಡುತ್ತಾರೆ. ಕಡಿಮೆ ಆದಾಯದ ಮನೆಗೆ ಅದು ನಿಜವಾಗಲೂ ದೊಡ್ಡ ಉಪಕಾರ. ವಿಲಿಯಮ್ಸ್ 2022ರಿಂದ ಸಾಲದ ಭಾಗವನ್ನೇ ತೆಗೆದುಹಾಕಿ, ಪೂರ್ತಿ ನೆರವನ್ನು ಅನುದಾನವಾಗಿ ಕೊಡುತ್ತಿದೆ. ಅಂಥ ಮನೆಯವರಿಗೆ ಹೆಸರಿನ ಕಾಲೇಜೇ ಎಷ್ಟೋ ಸಲ ಅಗ್ಗವಾಗುತ್ತದೆ. ದಯವಿಟ್ಟು 90 ಸಾವಿರ ಅನ್ನುವ ಅಂಕಿ ನೋಡಿ ಹೆದರಿ ಅರ್ಜಿಯನ್ನೇ ಹಾಕದೆ ಇರಬೇಡಿ. ಫೆಡರಲ್ ನೆರವು ಪಡೆಯುವ ಪ್ರತಿ ಕಾಲೇಜಿನ ವೆಬ್‌ಸೈಟ್‌ನಲ್ಲೂ 2011ರಿಂದ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇದೆ. ಅರ್ಧ ಗಂಟೆ ಕೂತರೆ ನಿಮ್ಮ ಮನೆಗೆ ಎಷ್ಟು ಬೀಳುತ್ತದೆ ಅಂತ ಸುಮಾರಾಗಿ ತಿಳಿಯುತ್ತದೆ. ನಾವು ಅದನ್ನು ಅರ್ಜಿ ಹಾಕುವ ಮೊದಲೇ ಮಾಡಬೇಕಿತ್ತು. ಮಾಡಲಿಲ್ಲ. ಆ ಏಪ್ರಿಲ್‌ನಲ್ಲಿ ಮಗಳು ಅತ್ತದ್ದಕ್ಕೆ ಅದೇ ಕಾರಣ.

ಕಷ್ಟ ಆಗುವುದು ನಮ್ಮಂಥವರಿಗೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ನೆರವು ಬೇಕಿಲ್ಲ ಅನ್ನುವಷ್ಟು ಆದಾಯ ಕಾಗದದ ಮೇಲೆ ಇರುತ್ತದೆ, ಆದರೆ ವರ್ಷಕ್ಕೆ 78 ಸಾವಿರ ಎತ್ತಿ ಕೊಡುವಷ್ಟು ಕೈಯಲ್ಲಿ ಇರುವುದಿಲ್ಲ. ಇಂಥ ಮನೆಗಳಿಗೆ ಎರಡನೇ ಸಾಲಿನ ಕಾಲೇಜುಗಳು ಅಂಕ ನೋಡಿ ದೊಡ್ಡ ರಿಯಾಯಿತಿ ಕೊಟ್ಟು ಕರೆಯುತ್ತವೆ. ವೂಸ್ಟರ್, ಡೆನಿಸನ್, ಲಾರೆನ್ಸ್, ಕಲಮಜೂ ಎಲ್ಲ ಹಾಗೇ. ಅವುಗಳ ಬೋರ್ಡಿನ ಮೇಲಿರುವ ದರವನ್ನು ಪೂರ್ತಿ ಕಟ್ಟುವವರು ತುಂಬಾ ಕಡಿಮೆ.

ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗ ಎಲ್ಲರದ್ದೂ ಅದೇ ಪ್ರಶ್ನೆ. "ವೂಸ್ಟರಾ? ಎಲ್ಲಿದೆ ಅದು? ಆನ್ ಆರ್ಬರ್ ಸಿಗ್ಲಿಲ್ವಾ?" ನಾನು ಹೆಸರಿನ ಕಾಲೇಜನ್ನು ಹೇಳಿದೆ. ಅದನ್ನೂ ಅವರಲ್ಲಿ ಅರ್ಧ ಜನ ಕೇಳಿರಲಿಲ್ಲ! ಅವತ್ತು ರಾತ್ರಿ ಅದೇ ಯೋಚನೆ. ಸಾಲ ಮಾಡಿ ಕೊಳ್ಳಲು ಹೊರಟಿರುವ ಈ ಹೆಸರನ್ನು ಯಾರಿಗೆ ತೋರಿಸಲಿಕ್ಕೆ? ದೊಡ್ಡ ಬ್ಯಾಂಕು, ಕನ್ಸಲ್ಟಿಂಗ್ ಕಂಪನಿಗಳಿಗೆ ಅದು ಗೊತ್ತು, ಒಪ್ಪುತ್ತೇನೆ. ಪಿಎಚ್‌ಡಿ ಸೀಟು ಕೊಡುವವರಿಗೂ ಗೊತ್ತು. ಆದರೆ ಅವರಿಗೆ ವೂಸ್ಟರ್ ಕೂಡ ಗೊತ್ತು.

ಇಲ್ಲಿ ನನ್ನ ಮನೆಯ ಹಳೇ ಕಥೆಯೊಂದನ್ನು ಹೇಳಲೇಬೇಕು. ನಾನು ಸಾಗರದ ಕಡೆಯವಳು. 1990ರಲ್ಲಿ ಅಣ್ಣನಿಗೆ ಹೆಸರಿರುವ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಕೊಡಿಸಲು ಅಪ್ಪಯ್ಯ ಡೊನೇಶನ್ ಕಟ್ಟಿದರು. ಅದಕ್ಕೆ ಅಡಿಕೆ ತೋಟದ ಮೇಲೆ ಸಾಲ ತೆಗೆದರು. ಅದು ತೀರಿದ್ದು 2001ರಲ್ಲಿ. ಹನ್ನೊಂದು ವರ್ಷ ಪ್ರತಿ ಕೊಯ್ಲು ಬಂದಾಗಲೂ ಮೊದಲು ಬಡ್ಡಿಯ ಮಾತು. ಅಣ್ಣ ಚೆನ್ನಾಗಿ ಓದಿದ, ಚೆನ್ನಾಗಿದ್ದಾನೆ. ಆದರೆ ಮೊದಲ ಕೆಲಸ ಬಿಟ್ಟ ಮೇಲೆ ಯಾರೂ ತನ್ನ ಕಾಲೇಜು ಯಾವುದು ಅಂತ ಕೇಳಲೇ ಇಲ್ಲ ಅಂತ ಅವನೇ ಹೇಳುತ್ತಾನೆ.

ನನಗೆ ಹಣ ಉಳಿದಿರಲಿಲ್ಲ. ಹತ್ತಿರದ ಕಾಲೇಜಿನಲ್ಲೇ ಬಿಎಸ್ಸಿ ಸೇರಿದೆ. ನಮ್ಮ ಫಿಸಿಕ್ಸ್ ಕ್ಲಾಸಿನಲ್ಲಿ ಹದಿನಾಲ್ಕು ಜನ ಇದ್ದೆವು. ಮೇಡಂ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಕಾಂಪ್ಟನ್ ಪರಿಣಾಮ ಅರ್ಥ ಆಗದೆ ಕೂತಿದ್ದಾಗ ಅವರು ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂರಿಸಿಕೊಂಡು ಒಂದು ಗಂಟೆ ಹೇಳಿಕೊಟ್ಟರು. ಅವತ್ತಿನಿಂದಲೇ ನನಗೆ ಫಿಸಿಕ್ಸ್ ಹಿಡಿಸಿದ್ದು. ಮುಂದೆ ಎಂಎಸ್ಸಿ ಮಾಡಿದ್ದು, ಇವತ್ತು ಈ ಕೆಲಸದಲ್ಲಿರುವುದು ಎಲ್ಲಾ ಆ ಒಂದು ಗಂಟೆಯಿಂದ.

ವೂಸ್ಟರ್ ನೋಡಲು ಹೋದಾಗ ತಿಳಿಯಿತು, ಆ ಪರಿಣಾಮವನ್ನು ಕಂಡುಹಿಡಿದ ಆರ್ಥರ್ ಕಾಂಪ್ಟನ್ ಓದಿದ್ದು ಅಲ್ಲೇ. 1913ರಲ್ಲಿ ಡಿಗ್ರಿ ಮುಗಿಸಿದವರಿಗೆ 1927ರಲ್ಲಿ ನೊಬೆಲ್ ಬಂತು. ನನ್ನ ಕಣ್ಣಲ್ಲಿ ನೀರು ಬಂತು ಅಂದರೆ ನಂಬುತ್ತೀರಾ? ಸಾಗರದ ಆ ಬೆಂಚು ನೆನಪಾಯಿತು.

ಅಲ್ಲಿ ಇನ್ನೊಂದು ಪದ್ಧತಿ ಇದೆ. ಕೊನೆಯ ವರ್ಷ ಪ್ರತಿ ವಿದ್ಯಾರ್ಥಿಯೂ ಒಂದು ಸ್ವಂತ ಸಂಶೋಧನೆ ಮಾಡಲೇಬೇಕು. ಒಬ್ಬ ಪ್ರೊಫೆಸರ್ ಪ್ರತಿ ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡುತ್ತಾರೆ. ಜಾಣ ಮಕ್ಕಳಿಗೆ ಮಾತ್ರ ಅಂತಿಲ್ಲ, ಎಲ್ಲರಿಗೂ. 1940ರ ದಶಕದಿಂದಲೂ ನಡೆದು ಬಂದಿದೆ. ಸಣ್ಣ ಕಾಲೇಜಿಗೆ ಹಣ ಕೊಡುವುದೇ ಈ ಒಬ್ಬೊಬ್ಬರ ಜೊತೆಗಿನ ಸಮಯಕ್ಕೆ. ಹೆಸರಿನ ಕಾಲೇಜಿನಲ್ಲೂ ಅದು ಸಿಗುತ್ತಿತ್ತು. ಅಲ್ಲಿ ಲೈಬ್ರರಿ ಇನ್ನೂ ದೊಡ್ಡದು, ಬೇಸಿಗೆಯ ಸಂಶೋಧನೆಗೆ ಹಣ ಜಾಸ್ತಿ, ಹಳೇ ವಿದ್ಯಾರ್ಥಿಗಳು ಎತ್ತರದ ಜಾಗಗಳಲ್ಲಿದ್ದಾರೆ. ಸುಳ್ಳು ಹೇಳುವುದಿಲ್ಲ, ಅದನ್ನು ಬಿಟ್ಟದ್ದು ನಷ್ಟವೇ. ಅದು 1,60,000 ಡಾಲರಿನಷ್ಟು ದೊಡ್ಡ ನಷ್ಟವಾ ಅನ್ನುವುದಷ್ಟೇ ನಮ್ಮ ಪ್ರಶ್ನೆಯಾಗಿತ್ತು.

ನನ್ನ ಗಂಡನಿಗೆ ಅಂಕಿ ಅಂಶ ಬೇಕಿತ್ತು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎನ್ನುವ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹುಡುಕಿ ಓದಿದರು. 1976ರಲ್ಲಿ ಕಾಲೇಜು ಸೇರಿದವರನ್ನು ಅವರು ಹೋಲಿಸಿದ್ದರು. ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕಿದ ಮಕ್ಕಳಲ್ಲಿ, ಹೆಚ್ಚು ಹೆಸರಿನ ಕಡೆ ಹೋದವರ ಮತ್ತು ಹೋಗದವರ ಮುಂದಿನ ಸಂಬಳದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಡ ಮನೆಯ ಮಕ್ಕಳಿಗೆ ಮಾತ್ರ ಲಾಭ ಕಂಡಿತು. ನಮಗೆ ಅಷ್ಟು ಸಾಕಾಯಿತು.

ಆದರೂ ಸಣ್ಣ ಕಾಲೇಜು, ಕಡಿಮೆ ಫೀಸು ಅಂತ ಕಣ್ಣು ಮುಚ್ಚಿ ಹೋಗಬೇಡಿ. ನಾವು ಅಡ್ವಾನ್ಸ್ ಕಟ್ಟುವ ವಾರವೇ, 2024ರ ಏಪ್ರಿಲ್ 29ಕ್ಕೆ, ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು ಮುಚ್ಚುತ್ತೇವೆ ಅಂತ ಪ್ರಕಟಿಸಿತು. 1868ರಲ್ಲಿ ಶುರುವಾದ ಕಾಲೇಜು. ಅಲಬಾಮದ ಬರ್ಮಿಂಗ್‌ಹ್ಯಾಮ್ ಸದರ್ನ್ ಕೂಡ ಅದೇ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಹಾಗಾಗಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯಾ, ಕಾಲೇಜಿನ ನಿಧಿ ಎಷ್ಟಿದೆ, ನೋಡಿಕೊಳ್ಳಿ. ಕಾಮನ್ ಡೇಟಾ ಸೆಟ್ ಎನ್ನುವ ಕಡತವನ್ನು ತುಂಬಾ ಕಾಲೇಜುಗಳೇ ಹಾಕಿರುತ್ತವೆ. ಎಷ್ಟು ಮಕ್ಕಳಿದ್ದಾರೆ ಅನ್ನುವುದೂ ಅದರಲ್ಲಿರುತ್ತದೆ. ಅದರ ಎಚ್ ಭಾಗದಲ್ಲಿ ಎಷ್ಟು ಜನರಿಗೆ ಅಂಕದ ಮೇಲೆ ಎಷ್ಟು ಹಣ ಕೊಟ್ಟರು ಅಂತ ಸಿಗುತ್ತದೆ.

ಸಾಲದ ವಿಷಯ. ಮಗುವಿನ ಹೆಸರಿನಲ್ಲಿ ಸರ್ಕಾರ ಕೊಡುವ ಸಾಲ ನಾಲ್ಕು ವರ್ಷಕ್ಕೆ ಸೇರಿ 27 ಸಾವಿರ ಡಾಲರ್. ಅದರಾಚೆ ಹೋದರೆ ಭಾರ ತಂದೆ ತಾಯಿಯ ಮೇಲೆ. ತಂದೆ ತಾಯಿಗೆ ಸರ್ಕಾರ ಕೊಡುವ ಪೇರೆಂಟ್ ಪ್ಲಸ್ ಸಾಲಕ್ಕೆ 2026ರ ಜುಲೈ 1ರಿಂದ ಮಿತಿ ಬರುತ್ತಿದೆ, ವರ್ಷಕ್ಕೆ 20 ಸಾವಿರ, ಒಟ್ಟು 65 ಸಾವಿರ. ಇಷ್ಟು ದಿನ ಪೂರ್ತಿ ಖರ್ಚಿನ ತನಕ ತೆಗೆಯಬಹುದಿತ್ತು. ಐವತ್ತು ದಾಟಿದ ವಯಸ್ಸಿನಲ್ಲಿ ಅದನ್ನು ತಲೆ ಮೇಲೆ ಹೊತ್ತುಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ. ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಬಂದು ಎಚ್-4 ವೀಸಾದಲ್ಲಿರುವ ಮಕ್ಕಳಿಗಂತೂ ಈ ಸರ್ಕಾರಿ ಸಾಲವೂ ಇಲ್ಲ, ನೆರವೂ ಇಲ್ಲ. ಅವರು ಆಮರ್ಸ್ಟ್, ಬೌಡಿನ್‌ನಂಥ ಕಡೆ ಖಂಡಿತ ಅರ್ಜಿ ಹಾಕಲಿ. ಸೀಟು ಕೊಡುವಾಗ ಹೊರದೇಶದ ಮಕ್ಕಳ ಹಣದ ಸ್ಥಿತಿಯನ್ನೂ ನೋಡದ ಬೆರಳೆಣಿಕೆಯ ಕಾಲೇಜುಗಳು ಅವು.

ಏಪ್ರಿಲ್ 30ರ ರಾತ್ರಿ ಮಗಳೇ ವೂಸ್ಟರ್‌ಗೆ ಹೂಂ ಅಂದಳು. ಒಂದು ವಾರ ಸಪ್ಪಗಿದ್ದಳು. ನಾವೂ ಏನೂ ಹೇಳಲಿಲ್ಲ.

ಈಗ ಎರಡನೇ ವರ್ಷ. ಮರದ ವರ್ಷದ ಉಂಗುರಗಳನ್ನು ಎಣಿಸಿ ಹಳೇ ಹವಾಮಾನ ಓದುವ ಲ್ಯಾಬು ಅಲ್ಲಿದೆ. ಒಹಾಯೋದ ಹಳೇ ಕೊಟ್ಟಿಗೆಗಳ ತೊಲೆ ಯಾವ ವರ್ಷ ಕಡಿದದ್ದು ಅಂತಲೂ ಅಲ್ಲಿ ಕಂಡುಹಿಡಿಯುತ್ತಾರೆ. ಮೊದಲ ವರ್ಷವೇ ಪ್ರೊಫೆಸರ್ ಅವಳನ್ನು ಒಳಗೆ ಸೇರಿಸಿಕೊಂಡರು. ಹೋದ ತಿಂಗಳು ಅವಳು ಸಾಗರಕ್ಕೆ ವಿಡಿಯೋ ಕಾಲ್ ಮಾಡಿ, "ಅಜ್ಜಾ, ಅಡಿಕೆ ಮರದೊಳಗೆ ಉಂಗುರ ಇರಲ್ವಂತೆ, ಹಾಗಾದ್ರೆ ನೀವು ವಯಸ್ಸು ಹೇಗೆ ಹೇಳ್ತೀರಿ?" ಅಂತ ಕೇಳಿದಳು. ಅಪ್ಪಯ್ಯ ಫೋನ್ ಹಿಡಿದುಕೊಂಡು ನಿಧಾನಕ್ಕೆ ತೋಟಕ್ಕೆ ಇಳಿದರು. ಕಾಂಡದ ಮೇಲೆ ಹಾಳೆ ಬಿದ್ದ ಗುರುತುಗಳನ್ನು ಬೆರಳಿಟ್ಟು ಒಂದೊಂದಾಗಿ ತೋರಿಸುತ್ತಾ ಹೋದರು.