ಐದು ಪಟ್ಟು ಸ್ಪಷ್ಟವಾದ ನೆಲ

ಹಳೇ ಕ್ಯಾಮ್‌ಕಾರ್ಡರ್ ಇಟ್ಟುಕೊಂಡವರನ್ನು ಸಮಾಜ ಸುಮ್ನೆ ಬಿಡುವುದಿಲ್ಲ. ಅದರಲ್ಲಿ ಏನೂ ಕೆಟ್ಟಿರುವುದಿಲ್ಲ. ಟೇಪ್ ತಿರುಗುತ್ತದೆ, ಚಿತ್ರ ಬರುತ್ತದೆ, ಧ್ವನಿಯೂ ಬರುತ್ತದೆ. ಆದರೂ ನೆಂಟರು ಅದನ್ನು ಕಂಡ ಕೂಡಲೇ ದನಿ ತಗ್ಗಿಸಿ, "ಇನ್ನೂ ಎಸ್‌ಡಿಯಲ್ಲೇ ಇದ್ದೀರಾ?" ಎಂದು ಕೇಳುತ್ತಾರೆ. ಮನೆಯಲ್ಲಿ ಯಾರಿಗೋ ಬಹಳ ದಿನದಿಂದ ಹುಷಾರಿಲ್ಲ ಅಂದಾಗ ವಿಚಾರಿಸುವ ದನಿ ಅದು.

ಎಸ್‌ಡಿ ಅಂದರೆ ಹಳೇ ಮಾಮೂಲಿ ಸ್ಪಷ್ಟತೆಯ ಚಿತ್ರ, ಎಚ್‌ಡಿ ಅಂದರೆ ಹೆಚ್ಚು ಸ್ಪಷ್ಟತೆಯದ್ದು. ಎಚ್‌ಡಿಗೆ ಹೋದರೆ ಸಿಗುವುದೇನು? ಪಾಲ್ ಎಂಬ ಟಿವಿ ಪದ್ಧತಿಯ, ಮಿನಿ ಡಿವಿ ಎಂಬ ಪುಟ್ಟ ಡಿಜಿಟಲ್ ಟೇಪಿನ ಚಿತ್ರ 720 ಚುಕ್ಕಿ ಅಗಲ, 576 ಸಾಲು ಎತ್ತರ. ಒಟ್ಟು 4,14,720 ಚುಕ್ಕಿ. ಫುಲ್ ಎಚ್‌ಡಿ ಅಂದರೆ 1920 ಅಗಲ, 1080 ಎತ್ತರ. ಒಟ್ಟು 20,73,600. ಸರಿಯಾಗಿ ಐದು ಪಟ್ಟು. ಒಂದು ಚುಕ್ಕಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಲೆಕ್ಕ ಇಷ್ಟು ಚೊಕ್ಕವಾಗಿ ಬಂದಮೇಲೆ ಕೊಳ್ಳದೆ ಇರುವುದು ಹೇಗೆ? ಯಾವುದು ಐದು ಪಟ್ಟಾಯಿತು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನೆಲ. ಮನೆ ವಿಡಿಯೋಗಳಲ್ಲಿ ಅತಿ ಹೆಚ್ಚು ಅವಕಾಶ ಪಡೆದ ಕಲಾವಿದ ನೆಲವೇ. ಮಗು ಮೊದಲ ಹೆಜ್ಜೆ ಇಡುತ್ತಿದೆ ಎಂದು ಅಪ್ಪ ಓಡಿಬಂದು ಕೆಂಪು ಗುಂಡಿ ಒತ್ತುತ್ತಾನೆ. ಕ್ಯಾಮೆರಾ ಆಗಲೇ ಓಡುತ್ತಿತ್ತು, ಒತ್ತಿದ್ದಕ್ಕೆ ನಿಂತಿತು. ಮೂಲೆಯಲ್ಲಿ 'ಸ್ಟ್ಯಾಂಡ್‌ಬೈ' ಅಂತ ಕಾಣುತ್ತಿರುತ್ತದೆ. ಅದನ್ನು ಓದುವುದಕ್ಕೆ ಅಲ್ಲಿ ಯಾರಿಗೆ ಪುರುಸೊತ್ತು? ಮಗು ನಡೆಯಿತು, ಬಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಮತ್ತೆ ಗುಂಡಿ ಒತ್ತಿ ಕೈ ಇಳಿಸುತ್ತಾನೆ. ಈಗ ಶುರುವಾಗುತ್ತದೆ ಚಿತ್ರೀಕರಣ. ನೆಲ, ಚಪ್ಪಲಿ, ಮೇಜಿನ ಕಾಲು, ಮತ್ತೆ ನೆಲ. ಹಿನ್ನೆಲೆಯಲ್ಲಿ ಸಂಭಾಷಣೆ: "ಚೆನ್ನಾಗಿ ಬಂತೇನ್ರೀ?" "ಸೂಪರ್ ಆಗಿ ಬಂದಿದೆ!" ಎಸ್‌ಡಿ ಕಾಲದಲ್ಲಿ ಈ ನೆಲ ಬರೀ ಬೂದು ಬಣ್ಣದ ಹರವು. ಎಚ್‌ಡಿಯಲ್ಲಿ ಟೈಲ್ಸ್ ಸಂದಿಯ ಕೊಳೆಯೂ ಎದ್ದು ಕಾಣುತ್ತದೆ. ಕೊಟ್ಟ ದುಡ್ಡು ವಸೂಲು.

ಐದು ಪಟ್ಟು ಅನ್ನುವುದೂ ಡಬ್ಬದ ಮೇಲಿನ ಮಾತು. 2003ರಲ್ಲಿ ನಾಲ್ಕು ಕಂಪನಿಗಳು ಸೇರಿ ಎಚ್‌ಡಿವಿ ಪದ್ಧತಿಯನ್ನು ಘೋಷಿಸಿದವು. ಅದೇ ಮಿನಿ ಡಿವಿ ಟೇಪಿನಲ್ಲೇ ಎಚ್‌ಡಿ ಹಿಡಿಯಬಹುದು ಅಂದರು. ಟೇಪ್ ಅದೇ, ಸೆಕೆಂಡಿಗೆ ತುಂಬುವ ಮಾಹಿತಿಯೂ ಅದೇ 25 ಮೆಗಾಬಿಟ್. ಅಷ್ಟೇ ಜಾಗದಲ್ಲಿ ಅಷ್ಟೊಂದು ಚಿತ್ರ ಹೇಗೆ ಹಿಡಿಸಿತು? ಮೊದಲು ಅಗಲ ಕತ್ತರಿಸಿದರು. 1080 ಸಾಲಿನ ಎಚ್‌ಡಿವಿ ಕ್ಯಾಮೆರಾ ಬರೆದುಕೊಳ್ಳುವುದು 1440 ಚುಕ್ಕಿ ಅಗಲ. ತೋರಿಸುವಾಗ ಅದನ್ನೇ 1920ಕ್ಕೆ ಎಳೆಯುತ್ತಾರೆ. ಐದು ಪಟ್ಟು ಇದ್ದದ್ದು ಮೂರೂಮುಕ್ಕಾಲಾಯಿತು.

ಆಮೇಲೆ ಒತ್ತಿ ತುಂಬಿದರು. ಡಿವಿಯಲ್ಲಿ ಪ್ರತಿ ಚಿತ್ರವೂ ತನ್ನ ಕಾಲ ಮೇಲೆ ತಾನು ನಿಂತಿತ್ತು. ಎಚ್‌ಡಿವಿಯಲ್ಲಿ ಹನ್ನೆರಡೋ ಹದಿನೈದೋ ಚಿತ್ರಗಳ ಒಂದು ಗುಂಪು. ಒಂದನ್ನು ಪೂರ್ತಿ ಬರೆದು, ಉಳಿದವಕ್ಕೆ 'ಅದರ ಹಾಗೇ, ಆದರೆ ಇಷ್ಟು ಬದಲಾವಣೆ' ಎಂದು ಟಿಪ್ಪಣಿ ಹಾಕುವುದು. ಹಳೇ ಕ್ಯಾಮೆರಾದ ಟೇಪಿನ ಮೇಲೆ ಧೂಳಿನ ಕಣ ಕೂತರೆ ಚಿತ್ರದ ಮೂಲೆಯಲ್ಲೊಂದು ಚೌಕ ಮಿಣುಕಿ ಮಾಯವಾಗುತ್ತಿತ್ತು. ಹೊಸದರಲ್ಲಿ ಅದೇ ಕಣ ಕೂತರೆ ಅರ್ಧ ಸೆಕೆಂಡು ಗೋವಿಂದ. ಧ್ವನಿಯ ಕಥೆ ಇನ್ನೂ ಮಜಾ. ಬಡಪಾಯಿ ಡಿವಿ ಧ್ವನಿಯನ್ನು ಒಂದಿಷ್ಟೂ ಹಿಂಡದೆ ಹಾಗೇ ಇಡುತ್ತಿತ್ತು. ಎಚ್‌ಡಿವಿ ಅದನ್ನೂ ಹಿಂಡಿ ಸೆಕೆಂಡಿಗೆ 384 ಕಿಲೋಬಿಟ್ಟಿಗೆ ಇಳಿಸಿತು. ಮೇಲ್ದರ್ಜೆಗೆ ಏರಿದವರ ಕಿವಿ ಕೆಳದರ್ಜೆಯಲ್ಲೇ ಕೂತಿತು. ಇದನ್ನು ಯಾವ ಡಬ್ಬದ ಮೇಲೂ ದಪ್ಪ ಅಕ್ಷರದಲ್ಲಿ ಹಾಕಲಿಲ್ಲ.

ದಪ್ಪ ಅಕ್ಷರ ಇದ್ದದ್ದು 1080ಕ್ಕೆ. ಪಕ್ಕದಲ್ಲಿ ಸಣ್ಣದಾಗಿ ಒಂದು 'ಐ' ಅಥವಾ ಒಂದು 'ಪಿ'. ಐ ಅಂದರೆ ಸಾಲುಗಳು ಕಂತಿನಲ್ಲಿ ಬರುತ್ತವೆ: ಈಗ 540, ಮುಂದಿನ ಕ್ಷಣ ಉಳಿದ 540. ಪಿ ಅಂದರೆ ಒಟ್ಟಿಗೇ. ಅಂಗಡಿ ಎದುರು ನಿಂತ ಭಾವ, ಭಾವಮೈದುನರ ಮಾತು ಹೀಗೆ ಸಾಗುತ್ತದೆ.

"ಭಾವ, ಇದು ಸಾವಿರದ ಎಂಬತ್ತು. ತಗೊಂಡುಬಿಡಿ."

"ಐನೋ ಪಿನೋ?"

"ಯಾವುದಾದ್ರೇನು ಭಾವ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ."

"ಹಾಗಿದ್ರೆ ಪಕ್ಕದ್ದಕ್ಕೆ ಯಾಕಯ್ಯಾ ಜಾಸ್ತಿ ದುಡ್ಡು?"

"ಅದು ಪಿ ಅಲ್ವಾ!"

ಕ್ಯಾಮೆರಾ ಬಂತು. ಈಗ ಟಿವಿ ಸಾಲದು. 2005ರ ಜನವರಿಯಲ್ಲಿ ಯುರೋಪಿನ ಉದ್ಯಮದವರು 'ಎಚ್‌ಡಿ ರೆಡಿ' ಎಂಬ ಮುದ್ರೆ ಹೊರಡಿಸಿದರು. ಪರದೆಯಲ್ಲಿ ಕನಿಷ್ಠ 720 ಸಾಲಿದ್ದು, 720 ಮತ್ತು 1080ರ ಸಂಕೇತವನ್ನು ಒಳಗೆ ಬಿಟ್ಟುಕೊಂಡರೆ ಸಾಕು, ಮುದ್ರೆ ಸಿಗುತ್ತಿತ್ತು. ಅಂಥ ಟಿವಿಗಳಲ್ಲಿ ಬಹಳಷ್ಟಕ್ಕೆ ಇದ್ದದ್ದು 768 ಸಾಲು. ಅತ್ತ 720 ಅಲ್ಲ, ಇತ್ತ 1080 ಅಲ್ಲ. 720 ಬಂದರೆ ಹಿಗ್ಗಿಸಬೇಕು, 1080 ಬಂದರೆ ಕುಗ್ಗಿಸಬೇಕು. ಲೋಕದ ಯಾವ ಎಚ್‌ಡಿ ಚಿತ್ರಕ್ಕೂ ಸರಿಹೊಂದದ ಪರದೆಗೆ ಎಚ್‌ಡಿ ಹೆಸರಿನ ಪ್ರಮಾಣಪತ್ರ! ಇದನ್ನು ಯೋಚಿಸಿದವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಕಂಪ್ಯೂಟರೂ ಸಾಲದು. 2006ರಲ್ಲಿ ಸೋನಿ, ಪ್ಯಾನಾಸೋನಿಕ್ ಸೇರಿ ಎವಿಸಿಎಚ್‌ಡಿ ಎಂಬ ಹೊಸ ಪದ್ಧತಿ ತಂದಮೇಲೆ ಟೇಪಿನ ಕಾಟ ತಪ್ಪಿತು. ಬದಲಿಗೆ ಕಾರ್ಡು, ಕಾರ್ಡಿನೊಳಗೆ ಫೋಲ್ಡರು, ಅದರೊಳಗೆ ಫೋಲ್ಡರು, ಕೊನೆಗೆ 00000, 00001 ಎಂಬ ಫೈಲುಗಳು. ಮಗಳ ನಾಟಕ 00003. ಅಥವಾ 00013. ಡಬಲ್ ಕ್ಲಿಕ್ ಮಾಡಿದರೆ ಆಗಿನ ಕಂಪ್ಯೂಟರು ಒಂದು ಚಿತ್ರ ತೋರಿಸಿ ಧ್ಯಾನಕ್ಕೆ ಕೂರುತ್ತಿತ್ತು. ಎಚ್ಚರವಾದಾಗ ಇನ್ನೊಂದು ಚಿತ್ರ.

ಇಷ್ಟೆಲ್ಲ ದಾಟಿ, ಹೊಸ ಕಂಪ್ಯೂಟರ್ ತಂದು, ರಾತ್ರಿಯೆಲ್ಲ ಕೂತು ಎಡಿಟ್ ಮಾಡಿ, ಬಂಧುಗಳಿಗೆ ಹಂಚಿದ್ದು ಏನು? ಡಿವಿಡಿ. ಪಾಲ್ ಡಿವಿಡಿಯ ಚಿತ್ರದ ಅಳತೆ ಎಷ್ಟು ಗೊತ್ತಾ? 720 ಅಗಲ, 576 ಎತ್ತರ. ಹೊರಟ ಜಾಗಕ್ಕೇ ವಾಪಸ್. ಎಚ್‌ಡಿ ಡಿಸ್ಕನ್ನೇ ಕೊಡೋಣ ಎಂದು ಹೊರಟ ಉತ್ಸಾಹಿಗಳ ಮುಂದೆ ಬ್ಲೂ ರೇ, ಎಚ್‌ಡಿ ಡಿವಿಡಿ ಎಂಬ ಎರಡು ಬಣ ಕುಸ್ತಿಗೆ ಬಿದ್ದಿದ್ದವು. 2008ರ ಫೆಬ್ರವರಿಯಲ್ಲಿ ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಸೋತ ಬಣದ ಪ್ಲೇಯರ್ ಕೊಂಡವರು ಅದರಲ್ಲಿ ಮಾಮೂಲಿ ಡಿವಿಡಿ ಹಾಕಿ ನೋಡಿದರು.

ಮೇಣದ ಬತ್ತಿಯ ಬೆಳಕಿನಲ್ಲಿ ತೆಗೆದದ್ದನ್ನಂತೂ ಕೇಳಲೇಬೇಡಿ. ಅಷ್ಟೇ ಅಗಲದ ಸೆನ್ಸರಿನಲ್ಲಿ ಐದು ಪಟ್ಟು ಚುಕ್ಕಿ ಕೂರಿಸಿದರೆ ಒಂದೊಂದರ ಪಾಲಿಗೆ ಬೀಳುವ ಬೆಳಕು ಅಷ್ಟಕ್ಕಷ್ಟೇ. ಹುಟ್ಟುಹಬ್ಬದ ಮಗುವಿನ ಮುಖದ ಮೇಲೆ ಬಣ್ಣಬಣ್ಣದ ರವೆ ಕುಣಿಯುತ್ತದೆ, ಅದೂ ಬಹಳ ಸ್ಪಷ್ಟವಾಗಿ.

ನೋಡುವವರು ಕೂರುವುದೆಲ್ಲಿ? ಗೋಡೆಗೆ ಒರಗಿಸಿದ ಸೋಫಾದಲ್ಲಿ. 1080 ಸಾಲಿನ ಪೂರ್ತಿ ವಿವರ ಕಣ್ಣಿಗೆ ಸಿಗಬೇಕಾದರೆ ಪರದೆಯ ಎತ್ತರದ ಸುಮಾರು ಮೂರು ಪಟ್ಟು ದೂರದೊಳಗೆ ಕೂರಬೇಕು. ಆರು ಪಟ್ಟು ದೂರ ಹೋದರೆ ಆ ಹೊಸ ಸಾಲುಗಳು ಹೆಚ್ಚುಕಡಿಮೆ ನಷ್ಟವೇ. ಸೋಫಾ ಮುಂದೆ ಎಳೆದರೆ ಬಿಟ್ಟಿ ಕೆಲಸ. ಅದಕ್ಕೇ ಯಾರೂ ಎಳೆಯಲಿಲ್ಲ. 4ಕೆ ಟಿವಿ ತಂದು ಅದೇ ಸೋಫಾದಲ್ಲಿ ಕೂತರು.

ಇನ್ನು ಹಳೇ ಟೇಪುಗಳು. ಅವುಗಳ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದ್ದು, ಹೊಸ ಟಿವಿ ಹದಿನಾರಕ್ಕೆ ಒಂಬತ್ತು. ಇದ್ದ ಹಾಗೆ ತೋರಿಸಿದರೆ ಎರಡೂ ಬದಿ ಕಪ್ಪು ಪಟ್ಟಿ. "ಅಷ್ಟು ಪರದೆ ದಂಡ ಅಲ್ವಾ?" ಎಂದು ಯಜಮಾನರು ಎಳೆದು ತುಂಬಿಸುತ್ತಾರೆ. ಮನೆಮಂದಿಯೆಲ್ಲ ಮೂರನೇ ಒಂದರಷ್ಟು ಅಗಲವಾಗುತ್ತಾರೆ. ಓಟದಲ್ಲಿ ಗೆದ್ದ ಹುಡುಗನನ್ನು ನೋಡಿ, ಈ ಮೈ ಹೊತ್ತುಕೊಂಡು ಹೇಗೆ ಗೆದ್ದ ಎಂದು ಅವನ ಮಕ್ಕಳು ಕೇಳುತ್ತಾರೆ.

ಆದರೆ ಅದಕ್ಕೂ ಮೊದಲು ಟೇಪ್ ಓಡಬೇಕಲ್ಲ. ಓಡಿಸುವ ಕ್ಯಾಮೆರಾವನ್ನು ಹೊಸದು ಬಂದ ಖುಷಿಯಲ್ಲಿ ಗುಜರಿಗೆ ಹಾಕಿ ಆಗಿದೆ. ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಒಯ್ಯುವ ಫೈರ್‌ವೈರ್ ಕೇಬಲ್ ಡ್ರಾಯರಿನಲ್ಲಿದೆ, ಅದನ್ನು ಚುಚ್ಚಲು ಹೊಸ ಲ್ಯಾಪ್‌ಟಾಪಿನಲ್ಲಿ ತೂತಿಲ್ಲ. ಕೊನೆಗೆ ಯಾರೋ ಟೇಪುಗಳನ್ನು ಒಯ್ದು 'ಎಚ್‌ಡಿ ಮಾಡಿ' ತಂದುಕೊಡುತ್ತಾರೆ. ಟೇಪಿನಲ್ಲಿ ಇದ್ದದ್ದು ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ಬೇಕಾದ್ದು ಇಪ್ಪತ್ತು ಲಕ್ಷ ಚಿಲ್ಲರೆ. ಬಾಕಿ ಹದಿನಾರೂವರೆ ಲಕ್ಷವನ್ನು ಸಾಫ್ಟ್‌ವೇರ್ ತನಗೆ ತೋಚಿದಂತೆ ತುಂಬುತ್ತದೆ. ಐದರಲ್ಲಿ ನಾಲ್ಕು ಪಾಲು ಊಹೆಯಾದ ಅಜ್ಜ ಪರದೆ ಮೇಲೆ ಬರುತ್ತಾರೆ. ಸುಕ್ಕಿಲ್ಲ, ಕಲೆಯಿಲ್ಲ, ಕೆನ್ನೆ ಮೇಣದಂತೆ ನುಣುಪು. ಮೊಮ್ಮಗ ಹೆಮ್ಮೆಯಿಂದ, "ನೋಡಜ್ಜಿ, ತಾತ ಎಷ್ಟು ಕ್ಲಿಯರ್!" ಅನ್ನುತ್ತಾನೆ.

ಅಜ್ಜಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡುತ್ತಾರೆ. "ಕ್ಲಿಯರ್ ಏನೋ ಇದೆ ಕಣೋ. ಆದ್ರೆ ಇವರ್ಯಾರು?"